ಕಾವೇರಿ ಇಳಿದಿದ್ದ ದಿನ: ನೂರೈವತ್ತು ಬೊಂಬೆಗಳ ಒಂದು ಯುದ್ಧ ಮಾದರಿ

ಕಳೆದ ವರ್ಷದ ಕಾಲೇಜು ವಸ್ತುಪ್ರದರ್ಶನದಲ್ಲಿ ನಾವು ನಾಲ್ವರು ಸೇರಿ ಶ್ರೀರಂಗಪಟ್ಟಣದ ಕೊನೆಯ ಯುದ್ಧದ ಮಾದರಿ ಇಟ್ಟಿದ್ದು ಹಲವರಿಗೆ ನೆನಪಿರಬಹುದು. ಅದು ಈಗ ಗ್ರಂಥಾಲಯದಲ್ಲಿದೆ. ಅವತ್ತು ನೋಡಲು ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: "ಇದು ನಿಜವಾದ ನೀರಾ?" ಪ್ರಥಮ ಪಿಯುಸಿಯ ಕೆಲವು ಗೆಳೆಯರು ಈ ವರ್ಷ ಇಂಥದ್ದೇ ಏನಾದರೂ ಮಾಡಬೇಕು, ಹೇಗೆಂದು ಹೇಳಿಕೊಡಿ ಎಂದು ಕೇಳಿದ್ದಾರೆ. ಅವರಿಗಾಗಿ ಈ ಲೇಖನ. ಮಾಡಿದ ವಿಧಾನದ ಜೊತೆಗೆ ನಾವು ಮಾಡಿದ ಎರಡು ತಪ್ಪುಗಳನ್ನೂ ಬರೆಯುತ್ತೇನೆ. ಒಂದು ನೀರಿನ ತಪ್ಪು, ಇನ್ನೊಂದು ಬಣ್ಣದ ತಪ್ಪು.

ಮೊದಲು ಒಂದು ಕ್ಷಣವನ್ನು ಆರಿಸಿ

ಒಂದು ಘಟನೆಯನ್ನು ಚಿಕ್ಕ ಗಾತ್ರದಲ್ಲಿ, ನೆಲ, ನೀರು, ಜನ ಎಲ್ಲವನ್ನೂ ಸೇರಿಸಿ ತೋರಿಸುವ ಮಾದರಿಗೆ ಡಯೋರಮಾ ಎನ್ನುತ್ತಾರೆ. ಅದು ನಾಟಕದಂತೆ ಮುಂದೆ ಸಾಗುವುದಿಲ್ಲ, ಫೋಟೋದಂತೆ ಒಂದೇ ಕ್ಷಣದಲ್ಲಿ ನಿಂತಿರುತ್ತದೆ. ಆದ್ದರಿಂದ ಯಾವ ಕ್ಷಣ ಎಂಬುದನ್ನು ಮೊದಲೇ ತೀರ್ಮಾನಿಸಬೇಕು.

ನಾವು ಆರಿಸಿದ್ದು 1799ರ ಮೇ 4ರ ಮಧ್ಯಾಹ್ನ, ಸುಮಾರು ಒಂದು ಗಂಟೆ. ಜನರಲ್ ಹ್ಯಾರಿಸ್‌ನ ಸೈನ್ಯ ಏಪ್ರಿಲ್ ಮೊದಲ ವಾರದಿಂದ ಶ್ರೀರಂಗಪಟ್ಟಣವನ್ನು ಮುತ್ತಿತ್ತು. ಹೈದರಾಬಾದ್ ನಿಜಾಮರ ಪಡೆಯೂ ಜೊತೆಗಿತ್ತು. ಫಿರಂಗಿಗಳು ಕೋಟೆಯ ವಾಯವ್ಯ ಮೂಲೆಯ ಬಳಿ ಗೋಡೆ ಒಡೆದು ದೊಡ್ಡ ಕಂಡಿ ಮಾಡಿದ್ದವು. ಮೇ 4ರಂದು ಮೇಜರ್ ಜನರಲ್ ಡೇವಿಡ್ ಬೇರ್ಡ್‌ನ ಕೈಕೆಳಗೆ ಸುಮಾರು 4,400 ಜನ ಕಾಲುವೆಗಳಿಂದ ಎದ್ದು, ಕಾವೇರಿಯನ್ನು ಹಾದು, ಆ ಕಂಡಿಯತ್ತ ಓಡಿದರು. ಈ ಬೇರ್ಡ್ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ, 1784ರವರೆಗೆ ಇದೇ ಶ್ರೀರಂಗಪಟ್ಟಣದಲ್ಲಿ ಕೈದಿಯಾಗಿದ್ದವನು.

ನಮ್ಮ ಗುಂಪಿನಲ್ಲಿ ಮೊದಲ ಜಗಳ ಇಲ್ಲೇ ಆಯಿತು. ಟಿಪ್ಪು ಸುಲ್ತಾನ್ ಅವರನ್ನು ಕತ್ತಿ ಹಿಡಿಸಿ ಕಂಡಿಯ ಮೇಲೆ ನಿಲ್ಲಿಸಬೇಕು, ಅವರಿಲ್ಲದಿದ್ದರೆ ಯಾರು ನೋಡುತ್ತಾರೆ ಎಂದು ಇಬ್ಬರು ಹೇಳಿದರು. ಆದರೆ ದಾಳಿ ಶುರುವಾದ ಆ ಹೊತ್ತಿಗೆ ಅವರು ಅಲ್ಲಿರಲಿಲ್ಲ, ಉತ್ತರ ಗೋಡೆಯ ಕಡೆ ಇದ್ದರು. ಸುದ್ದಿ ತಿಳಿದ ಮೇಲೆ ಹೋರಾಟಕ್ಕೆ ಬಂದು, ಅದೇ ದಿನ ನೀರುಬಾಗಿಲಿನ ಬಳಿ ಹುತಾತ್ಮರಾದರು. ಇಲ್ಲದ ಜಾಗದಲ್ಲಿ ಅವರನ್ನು ನಿಲ್ಲಿಸಿದರೆ ಮಾದರಿ ಸುಳ್ಳಾಗುತ್ತದೆ ಎಂದು ಇತಿಹಾಸ ಉಪನ್ಯಾಸಕರು ಹೇಳಿದ ಮೇಲೆ ಜಗಳ ಮುಗಿಯಿತು. ನಮ್ಮ ಮಾದರಿಯಲ್ಲಿ ಸುಲ್ತಾನರಿಲ್ಲ. ಅವರಿಗಾಗಿ ಹೋರಾಡಿದ ಸಾಮಾನ್ಯ ಸೈನಿಕರಿದ್ದಾರೆ.

ಅಳತೆಯ ಲೆಕ್ಕ

ನಾವು ಬಳಸಿದ ಪ್ರಮಾಣ 1:72. ಅಂದರೆ ನಿಜವಾದ 72 ಸೆಂಟಿಮೀಟರ್ ನಮ್ಮ ಹಲಗೆಯ ಮೇಲೆ 1 ಸೆಂಟಿಮೀಟರ್. 170 ಸೆಂಟಿಮೀಟರ್ ಎತ್ತರದ ಮನುಷ್ಯ ಸುಮಾರು 24 ಮಿಲಿಮೀಟರ್ ಆಗುತ್ತಾನೆ.

ಆ ದಿನ ಸೈನಿಕರು ಹಾದುಹೋದ ನದಿಪಾತ್ರದ ಅಗಲ ಸುಮಾರು 250 ಮೀಟರ್. 72ರಿಂದ ಭಾಗಿಸಿದರೆ ಸುಮಾರು ಮೂರೂವರೆ ಮೀಟರ್. ಅಷ್ಟು ದೊಡ್ಡ ಮೇಜು ನಮ್ಮ ಕಾಲೇಜಿನಲ್ಲೇ ಇಲ್ಲ. ಹಾಗಾಗಿ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಪ್ಲೈವುಡ್ ತೆಗೆದುಕೊಂಡು, ನದಿಯ ಕೊನೆಯ ಭಾಗ ಮತ್ತು ಕಂಡಿ ಇಷ್ಟನ್ನೇ ತೋರಿಸಿದೆವು. ಕಂಡಿಯ ಅಗಲ ಸುಮಾರು 30 ಮೀಟರ್, ನಮ್ಮ ಅಳತೆಯಲ್ಲಿ 42 ಸೆಂಟಿಮೀಟರ್. ಅದು ಹಲಗೆಯಲ್ಲಿ ಸರಿಯಾಗಿ ಕೂತಿತು. ಇಡೀ ಯುದ್ಧವನ್ನು ತೋರಿಸಲು ಹೋಗಬೇಡಿ, ಒಂದು ತುಂಡನ್ನು ಸರಿಯಾದ ಅಳತೆಯಲ್ಲಿ ತೋರಿಸಿ.

ನೀರು ಎಷ್ಟು ಆಳ?

ನೋಡಲು ಇದು ಚಿಕ್ಕ ಪ್ರಶ್ನೆ. ಆದರೆ ಇಡೀ ಯುದ್ಧವೇ ಇದರಲ್ಲಿದೆ ಎಂದು ನಮಗೆ ಲೆಕ್ಕ ಹಾಕುವಾಗ ಗೊತ್ತಾಯಿತು.

ಕಾವೇರಿ ಕೊಡಗಿನಲ್ಲಿ ಹುಟ್ಟುತ್ತದೆ. ಜೂನ್‌ನಲ್ಲಿ ಮುಂಗಾರು ಬಂದರೆ ನದಿ ಏರುತ್ತದೆ. ಆಗ ಕೃಷ್ಣರಾಜಸಾಗರ ಅಣೆಕಟ್ಟು ಇರಲಿಲ್ಲ, ಅದರ ಕೆಲಸ ಶುರುವಾಗಿದ್ದೇ 1911ರಲ್ಲಿ. ಬಂದ ನೀರೆಲ್ಲ ನೇರವಾಗಿ ದ್ವೀಪದ ಎರಡೂ ಬದಿ ಹರಿಯುತ್ತಿತ್ತು. ಮಳೆಗಾಲದಲ್ಲಿ ಶ್ರೀರಂಗಪಟ್ಟಣಕ್ಕೆ ನದಿಯೇ ಮೊದಲ ಗೋಡೆ. ಬ್ರಿಟಿಷರ ಪಾಳಯದಲ್ಲಿ ಅಕ್ಕಿಯೂ ಕಡಿಮೆಯಾಗಿತ್ತು. ನದಿ ಏರುವ ಮೊದಲೇ ಕೋಟೆ ಹಿಡಿಯದಿದ್ದರೆ ಹ್ಯಾರಿಸ್‌ಗೆ ಬೇರೆ ದಾರಿ ಇರಲಿಲ್ಲ.

ಮೇ 4ರಂದು ನೀರು ಕೆಲವು ಕಡೆ ಪಾದದಷ್ಟು, ಕೆಲವು ಕಡೆ ಸೊಂಟದಷ್ಟು ಇತ್ತು. ಸೊಂಟದ ಮಟ್ಟ ಎಂದರೆ ಸುಮಾರು 1 ಮೀಟರ್, ನಮ್ಮ ಅಳತೆಯಲ್ಲಿ 14 ಮಿಲಿಮೀಟರ್. ಮೊಣಕಾಲಿನ ಮಟ್ಟ 7 ಮಿಲಿಮೀಟರ್. ಅಂದರೆ ನಮ್ಮ ನದಿಯ ಅತಿ ಆಳವಾದ ಜಾಗವೂ ಒಂದೂವರೆ ಸೆಂಟಿಮೀಟರ್ ದಾಟುವಂತಿಲ್ಲ. ನೀರು 4 ಮೀಟರ್ ಏರಿದ್ದರೆ ಏನಾಗುತ್ತಿತ್ತು ಎಂದೂ ಲೆಕ್ಕ ಹಾಕಿದೆವು: ಹಲಗೆಯ ಮೇಲೆ ಸುಮಾರು 56 ಮಿಲಿಮೀಟರ್. ನಮ್ಮ ಬೊಂಬೆ ಇರುವುದೇ 24 ಮಿಲಿಮೀಟರ್. ಒಬ್ಬನನ್ನೂ ನಿಲ್ಲಿಸಲು ಆಗುವುದಿಲ್ಲ. ಹ್ಯಾರಿಸ್‌ಗೆ ಯಾಕೆ ಅಷ್ಟು ಅವಸರವಿತ್ತು ಎಂಬುದು ಪಠ್ಯಪುಸ್ತಕಕ್ಕಿಂತ ಈ ಅಳತೆಪಟ್ಟಿಯಲ್ಲಿ ನಮಗೆ ಚೆನ್ನಾಗಿ ಅರ್ಥವಾಯಿತು.

ನೀರು ಮಾಡುವುದು

ನದಿಯ ತಳವನ್ನು ಮೊದಲು ಪೂರ್ತಿ ಮುಗಿಸಬೇಕು. ಥರ್ಮಾಕೋಲ್ ಹಾಳೆಯನ್ನು ಕೆತ್ತಿ ತಳ ಮಾಡಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿದೆವು. ಬೇಸಿಗೆಯ ಕಾವೇರಿಯಲ್ಲಿ ಬಂಡೆಗಳೇ ಹೆಚ್ಚು, ಹಾಗಾಗಿ ಅರ್ಧ ಜಾಗವನ್ನು ಬಂಡೆ ಮತ್ತು ಮರಳಿಗೆ ಬಿಟ್ಟೆವು. ಇದರಿಂದ ಖರ್ಚೂ ಉಳಿಯಿತು. ಆಳವಿರುವ ಕಡೆ ಗಾಢ ಹಸಿರು ಮಿಶ್ರಿತ ಕಂದು, ಆಳವಿಲ್ಲದ ಕಡೆ ಮರಳಿನ ಬಣ್ಣ ಹಚ್ಚಬೇಕು. ನೀಲಿ ಹಚ್ಚಬೇಡಿ, ಅದು ಈಜುಕೊಳದಂತೆ ಕಾಣುತ್ತದೆ. ಬಣ್ಣ ಒಣಗಿದ ಮೇಲೆ ಎರಡು ಸಲ ಫೆವಿಕಾಲ್ ಬಳಿದು ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಬೇಕು. ಹಲಗೆಯ ಅಂಚಿಗೆ ಟೇಪ್ ಸುತ್ತಿ ತಡೆ ಕಟ್ಟಬೇಕು. ಸೂಜಿಯಷ್ಟು ಸಂದು ಇದ್ದರೂ ರೆಸಿನ್ ಸೋರುತ್ತದೆ.

ನೀರಿಗೆ ಬಳಸಿದ್ದು ಎಪಾಕ್ಸಿ ರೆಸಿನ್. ಇದರಲ್ಲಿ ಎರಡು ಬಾಟಲಿ ಇರುತ್ತವೆ, ಒಂದು ರೆಸಿನ್, ಇನ್ನೊಂದು ಹಾರ್ಡ್‌ನರ್. ಎರಡನ್ನೂ ಹೇಳಿದ ಪ್ರಮಾಣದಲ್ಲೇ ಬೆರೆಸಿ, ಗುಳ್ಳೆ ಏಳದಂತೆ ನಿಧಾನವಾಗಿ ಕಲಕಬೇಕು. ಒಂದೇ ಸಲ ದಪ್ಪವಾಗಿ ಸುರಿದರೆ ಬಿಸಿಯೇರಿ ಬಿರುಕು ಬಿಡಬಹುದು. ನಾವು ಒಂದು ಸಲಕ್ಕೆ 3 ಅಥವಾ 4 ಮಿಲಿಮೀಟರ್ ಸುರಿದು, ಒಂದು ದಿನ ಬಿಟ್ಟು ಮುಂದಿನ ಪದರ ಸುರಿದೆವು. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಚಿಕ್ಕ ಮಕ್ಕಳನ್ನು ದೂರವಿಡಿ. ಇದು ಚರ್ಮಕ್ಕೂ ಉಸಿರಿಗೂ ಒಳ್ಳೆಯದಲ್ಲ.

ಮೊದಲ ತಪ್ಪು ಇಲ್ಲೇ ಆಯಿತು, ಅದು ನನ್ನದೇ. ಬಾಟಲಿಯ ಮೇಲೆ ತೂಕದ ಪ್ರಮಾಣ ಬರೆದಿತ್ತು. ನಾನು ಅವಸರದಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಅಳೆದು ಬೆರೆಸಿದೆ. ಎರಡು ದ್ರವಗಳ ಸಾಂದ್ರತೆ ಬೇರೆ ಬೇರೆ, ಆದ್ದರಿಂದ ಲೋಟದ ಅಳತೆ ತೂಕದ ಅಳತೆ ಆಗುವುದಿಲ್ಲ. ಪ್ರದರ್ಶನಕ್ಕೆ ನಾಲ್ಕು ದಿನ ಇತ್ತು. ಮರುದಿನ ಬೆಳಿಗ್ಗೆ ಮುಟ್ಟಿ ನೋಡಿದರೆ ಬೆರಳು ಅಂಟಿಕೊಂಡಿತು. ನಮ್ಮ ದಾದಿ ಬಂದು ನೋಡಿ, "ಯೇ ಪಾನಿ ನೈ ಬೇಟಾ, ಶೀರಾ ಹೈ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು, ಅದು ನೀರಾಗಿರಲಿಲ್ಲ, ಸಕ್ಕರೆ ಪಾಕವಾಗಿತ್ತು. ಕಾಯುತ್ತಾ ಕೂತರೆ ಅಂಥದ್ದು ಗಟ್ಟಿಯಾಗುವುದಿಲ್ಲ. ಅಂಟಿನ ಪದರವನ್ನು ಹಳೆಯ ಸ್ಕೇಲಿನಿಂದ ಕೆರೆದು, ಒರೆಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ತೂಗಿ, ಹೊಸದಾಗಿ ತೆಳು ಪದರ ಸುರಿದೆವು. ಅದು ಗಟ್ಟಿಯಾಯಿತು. ಗಟ್ಟಿಯಾದ ಮೇಲೆ ಪಾರದರ್ಶಕ ಸಿಲಿಕೋನ್ ಅಂಟನ್ನು ಕಡ್ಡಿಯಿಂದ ಎಳೆದು ಅಲೆ ಮಾಡಿದೆವು. ನಡೆಯುವವನ ಪ್ರತಿ ಕಾಲಿನ ಸುತ್ತ ಪುಟ್ಟ ಅಲೆ ಮತ್ತು ತುದಿಗೆ ಸ್ವಲ್ಪ ಬಿಳಿ ಬಣ್ಣ ಕೊಟ್ಟರೆ ನೀರು ಹರಿಯುವಂತೆ ಕಾಣುತ್ತದೆ. ನೀರಿಗೆ ಕೆಂಪು ಬಣ್ಣ ಬೇಡ ಎಂದು ನಾಲ್ವರೂ ಒಪ್ಪಿದೆವು.

ನೂರೈವತ್ತು ಜನ

ದಾಳಿ ಮಾಡುವವರು 80, ಕೋಟೆಯವರು 60, ಎರಡೂ ಕಡೆ ಬಿದ್ದವರು 10. ಒಟ್ಟು 150. ಅಂಗಡಿಯಲ್ಲಿ ಇಷ್ಟನ್ನು ಕೊಳ್ಳಲು ನಮ್ಮಲ್ಲಿ ಹಣವಿರಲಿಲ್ಲ. ಹಳೆಯ ವಿದ್ಯುತ್ ತಂತಿಯ ತಾಮ್ರದ ಎಳೆಯಿಂದ ಅಸ್ಥಿಪಂಜರ ಮಾಡಿ, ಮೇಲೆ ಎಂ-ಸೀಲ್ ಮೆತ್ತಿ ಆರು ಭಂಗಿಗಳ ಆರು ಮೂಲ ಬೊಂಬೆ ಮಾಡಿದೆವು. ಅವುಗಳಿಂದ ಸಿಲಿಕೋನ್ ಅಚ್ಚು ತೆಗೆದು ಉಳಿದವನ್ನು ರೆಸಿನ್‌ನಲ್ಲಿ ಎರಕ ಹೊಯ್ದೆವು.

ನಾವು ವಾಣಿಜ್ಯ ವಿಭಾಗದವರು, ಲೆಕ್ಕ ಬಿಡುವವರಲ್ಲ. ಅಚ್ಚಿಗೆ ತಗುಲಿದ್ದು 1,100 ರೂಪಾಯಿ, ಇದು ಸ್ಥಿರ ವೆಚ್ಚ. ಒಂದೊಂದು ಬೊಂಬೆಯ ರೆಸಿನ್ ಮತ್ತು ಬಣ್ಣಕ್ಕೆ 5 ರೂಪಾಯಿ, ಇದು ಬದಲಾಗುವ ವೆಚ್ಚ. 20 ಬೊಂಬೆ ಮಾಡಿದ್ದರೆ ಸರಾಸರಿ ವೆಚ್ಚ 60 ರೂಪಾಯಿ. 150 ಮಾಡಿದ್ದರಿಂದ 12 ರೂಪಾಯಿ ಚಿಲ್ಲರೆ. ಉತ್ಪಾದನೆ ಹೆಚ್ಚಿದಂತೆ ಸರಾಸರಿ ಸ್ಥಿರ ವೆಚ್ಚ ಇಳಿಯುತ್ತದೆ ಎಂದು ಅರ್ಥಶಾಸ್ತ್ರದಲ್ಲಿ ಓದಿದ್ದನ್ನು ಕೈಯಲ್ಲಿ ಮುಟ್ಟಿ ನೋಡಿದಂತಾಯಿತು. ಬಣ್ಣ ಹಚ್ಚುವಾಗಲೂ ಶ್ರಮವಿಭಜನೆ ಮಾಡಿಕೊಳ್ಳಿ. ಒಬ್ಬ ಎಲ್ಲರ ಕೋಟು, ಇನ್ನೊಬ್ಬ ಎಲ್ಲರ ಬಂದೂಕು. ಒಬ್ಬೊಬ್ಬನೇ ಪೂರ್ತಿ ಬೊಂಬೆ ಮುಗಿಸಲು ಹೋದರೆ ವಾರಗಟ್ಟಲೆ ಆಗುತ್ತದೆ.

ಆರೇ ಭಂಗಿ ಎಂದು ಗೊತ್ತಾಗದಿರಲು ಕೆಲವರ ಕೈ ಕತ್ತರಿಸಿ ಬೇರೆ ಕೋನದಲ್ಲಿ ಅಂಟಿಸಿದೆವು, ಒಂದೇ ಭಂಗಿಯ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಲಿಲ್ಲ. ಜನಸಂದಣಿ ತೋರಿಸುವುದನ್ನು ಕಲಿಯಬೇಕಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ, ಅಲ್ಲಿನ ಗೋಡೆಯ ಮೇಲಿರುವ ಪೊಳ್ಳಿಲೂರು ಯುದ್ಧದ ಚಿತ್ರ ನೋಡಿ. ಸಾಲು ಸಾಲು ಸೈನಿಕರನ್ನು ಅಲ್ಲಿ ಹೇಗೆ ಜೋಡಿಸಿದ್ದಾರೆ ಎಂದು ನಾವು ಒಂದು ಗಂಟೆ ನಿಂತು ನೋಡಿದೆವು.

ಮನುಷ್ಯರ ಬೊಂಬೆ ಮಾಡಬಹುದೇ ಎಂಬ ಪ್ರಶ್ನೆ ನಮಗೂ ಬಂತು. ದೀನಿಯಾತ್ ಉಸ್ತಾದರನ್ನು ಕೇಳಿದೆವು. ಪಾಠಕ್ಕೆ ಬೇಕಾದಷ್ಟೇ ಮಾಡಿ, ಕಣ್ಣು ಮೂಗು ಬಿಡಿಸಬೇಡಿ ಎಂದರು. ಈ ಅಳತೆಯಲ್ಲಿ ಮುಖ ಮೂರು ಮಿಲಿಮೀಟರ್, ಬರಿ ಬಣ್ಣ ಸಾಕು. ಆದರೆ ಯಾವ ಬಣ್ಣ?

ಬಣ್ಣದ ತಪ್ಪು

ಕೋಟೆಯವರಿಗೆ ಹುಲಿಪಟ್ಟೆಯ ಗುರುತಿನ ಅಂಗಿ, ಕಂದು ಮುಖ. ದಾಳಿ ಮಾಡುವ 80 ಜನರಿಗೆ ಕೆಂಪು ಕೋಟು, ತಿಳಿ ಗುಲಾಬಿ ಮುಖ. ಹೀಗೆ ಎಲ್ಲ ಮುಗಿಸಿ ಇತಿಹಾಸ ಉಪನ್ಯಾಸಕರಿಗೆ ತೋರಿಸಿದೆವು. ಅವರು ಬಗ್ಗಿ ನೋಡಿ, "ಎಲ್ಲರೂ ಬಿಳಿಯರೇನಪ್ಪಾ? ಸಂಖ್ಯೆ ನೋಡಿದ್ದೀರಾ?" ಎಂದು ಕೇಳಿದರು.

ನೋಡಿರಲಿಲ್ಲ. ಆ 4,400 ಜನರಲ್ಲಿ ಯುರೋಪಿಯನ್ನರು ಸುಮಾರು 2,500. ಉಳಿದ ಸುಮಾರು 1,900 ಜನ ಭಾರತೀಯರು, ಅಂದರೆ ನೂರಕ್ಕೆ 43. ನಮ್ಮ 80ರಲ್ಲಿ 34 ಅಥವಾ 35 ಜನ. ಕಂಪನಿಯ ಸಂಬಳಕ್ಕೆ ಸೇರಿದ್ದ ಸಿಪಾಯಿಗಳಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಸುಲ್ತಾನರ ಸೈನ್ಯದಲ್ಲೂ ಇಬ್ಬರೂ ಇದ್ದರು. ಇದು ನನಗೆ ಓದಿ ಗೊತ್ತಿತ್ತು. ಆದರೂ ಕುಂಚ ಹಿಡಿದಾಗ ಕೈ ತಾನಾಗಿ ಒಂದು ಕಡೆಗೆ ಒಂದು ಬಣ್ಣ, ಇನ್ನೊಂದು ಕಡೆಗೆ ಇನ್ನೊಂದು ಬಣ್ಣ ಹಚ್ಚಿತ್ತು.

ಆ ರಾತ್ರಿ ಕೂತು 35 ಬೊಂಬೆಗಳ ಮುಖ ಮತ್ತು ಕೈಗೆ ಮತ್ತೆ ಬಣ್ಣ ಹಚ್ಚಿದೆವು. ಕೋಟೆಯವರಿಗೆ ಬಳಸಿದ ಅದೇ ಡಬ್ಬಿ, ಅದೇ ಕಂದು. ಮುಂದೆ ನುಗ್ಗಿದವು ಯುರೋಪಿಯನ್ ತುಕಡಿಗಳು, ಆದ್ದರಿಂದ ಸಿಪಾಯಿಗಳಲ್ಲಿ ಹೆಚ್ಚಿನವರನ್ನು ಹಿಂದೆ, ನೀರಿನಲ್ಲಿ ನಿಲ್ಲಿಸಿದೆವು.

ಪ್ರದರ್ಶನದ ದಿನ ಎಂಟನೇ ತರಗತಿಯ ಹುಡುಗನೊಬ್ಬ ನದಿಯ ಕಡೆ ಬೆರಳು ತೋರಿಸಿ, "ಅಣ್ಣಾ, ಇಲ್ಲಿ ಬಣ್ಣ ತಪ್ಪಾಗಿದೆ" ಎಂದ. ತಪ್ಪಾಗಿಲ್ಲ ಎಂದು ಲೆಕ್ಕ ಹೇಳಿದೆ. ಅವನು ನೀರಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ಎಣಿಸಲು ಶುರುಮಾಡಿದ.

ಈ ವರ್ಷ ಮಾದರಿ ಮಾಡುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ರೆಸಿನ್ ಸುರಿಯುವ ಮೊದಲು ತೂಗಿ, ಬಣ್ಣ ಹಚ್ಚುವ ಮೊದಲು ಎಣಿಸಿ. ಅಚ್ಚುಗಳು ನನ್ನ ಬಳಿ ಇವೆ. ಬೇಕಾದವರು ಊಟದ ಬಿಡುವಿನಲ್ಲಿ ಬಂದು ತೆಗೆದುಕೊಳ್ಳಬಹುದು. ತಕ್ಕಡಿಯನ್ನು ಮಾತ್ರ ನಮ್ಮ ಅಮ್ಮಿ ಇನ್ನು ಕೊಡುವುದಿಲ್ಲ.