ನಾಲ್ಕು ಬಕೆಟ್ ನೀರು, ಮೂರು ಬಟ್ಟೆ: ಬೈಕ್ ತೊಳೆಯುವ ಕ್ರಮ

ಬೆಳಿಗ್ಗೆ ಮಧುಗಿರಿ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಐದು ನಿಮಿಷ ನಿಂತು ನೋಡಿ. ಹಳ್ಳಿಗಳಿಂದ ಬಂದ ಬೈಕ್‌ಗಳ ಬಣ್ಣ ಯಾವುದೆಂದು ಹೇಳುವುದೇ ಕಷ್ಟ. ಕಪ್ಪಿರಲಿ, ನೀಲಿಯಿರಲಿ, ಎಂಜಿನ್‌ನಿಂದ ಕೆಳಗೆ ಎಲ್ಲವೂ ಕೆಮ್ಮಣ್ಣು. ಸವಾರ ಸ್ಟ್ಯಾಂಡ್ ಹಾಕುತ್ತಾನೆ, ಸೀಟಿನಡಿಯಿಂದ ಹಳೇ ಬಟ್ಟೆಯೊಂದನ್ನು ಎಳೆದು ಟ್ಯಾಂಕ್ ಮೇಲೆ ಪಟಪಟ ಬಡಿಯುತ್ತಾನೆ, ಗಸಗಸ ಉಜ್ಜಿ ಹೋಗುತ್ತಾನೆ. ಬೈಕಿಗೆ ಮೊದಲ ಪೆಟ್ಟು ಬೀಳುವುದು ಅಲ್ಲೇ.

ನಾನೂ ನನ್ನ ಮೊದಲ ಬೈಕನ್ನು ಹೀಗೇ ಒರೆಸಿದವನು. ಎರಡು ವರ್ಷ ತುಂಬುವಷ್ಟರಲ್ಲಿ ಕಪ್ಪು ಟ್ಯಾಂಕ್ ಮೇಲೆ ಬಿಸಿಲು ಬಿದ್ದರೆ ಜೇಡರ ಬಲೆಯಂಥ ಗೀರುಗಳು ಎದ್ದು ಕಾಣುತ್ತಿದ್ದವು. ನಮ್ಮ ಕಡೆಯ ಮಣ್ಣು ಬಂಡೆ ಸವೆದು ಆದದ್ದು. ಆ ಧೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳಿರುತ್ತವೆ. ಅವು ಬಣ್ಣದ ಪದರಕ್ಕಿಂತ ಎಷ್ಟೋ ಗಡುಸು. ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪುಕಾಗದ ಹಾಕಿ ತಿಕ್ಕಿದಂತೆಯೇ.

ಎರಡನೇ ತೊಂದರೆ ನೀರಿನದು. ಮಧುಗಿರಿ, ಶಿರಾ, ಪಾವಗಡ ಕಡೆಯ ಬಹಳಷ್ಟು ಬೋರ್‌ವೆಲ್ ನೀರು ಗಡಸು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ ಎಂದು ಅಡುಗೆಮನೆಯಲ್ಲಿ ಕೇಳಿರುತ್ತೀರಿ. ಅದೇ ನೀರು ಬೈಕ್ ಮೇಲೆ ಒಣಗಿದರೆ ಅದರೊಳಗಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಬಿಳಿ ಚುಕ್ಕೆಯಾಗಿ ಉಳಿಯುತ್ತವೆ. ಪಾವಗಡದ ತಿರುಮಣಿ ಸುತ್ತಲಿನ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನೋಡಿದವರಿಗೆ ಗೊತ್ತು, ಈ ಸೀಮೆಯಲ್ಲಿ ಧೂಳು ಯಾವುದನ್ನೂ ಬಿಡುವುದಿಲ್ಲ. ಸೋಲಾರ್ ಫಲಕವಾಗಲಿ, ಪೆಟ್ರೋಲ್ ಟ್ಯಾಂಕ್ ಆಗಲಿ, ಗಡಸು ನೀರಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಳಿ ಪೊರೆ ಗ್ಯಾರಂಟಿ.

ಹಾಗಾಗಿ ದುಬಾರಿ ಶಾಂಪೂಗಿಂತ ಮುಖ್ಯವಾದವು ಎರಡು: ಉಜ್ಜುವ ಮುಂಚೆ ಮಣ್ಣು ನೆನೆದು ಇಳಿಯಬೇಕು, ನೀರು ಒಣಗುವ ಮುಂಚೆ ಒರೆಸಿ ಮುಗಿಸಬೇಕು. ಉಳಿದದ್ದೆಲ್ಲ ಇವೆರಡರ ನಡುವಿನ ಕೆಲಸ.

ಏನೇನು ಬೇಕು?

15 ಲೀಟರ್‌ನ ಬಕೆಟ್ ಎರಡು, ಒಂದು ಚೊಂಬು. ಮೆತ್ತನೆಯ ಬಟ್ಟೆ ಮೂರು: ಟ್ಯಾಂಕ್ ಮತ್ತು ಮೇಲ್ಭಾಗಕ್ಕೆ ಒಂದು, ಎಂಜಿನ್ ಮತ್ತು ಚಕ್ರಕ್ಕೆ ಒಂದು, ಒರೆಸಲು ಒಂದು. ಹಳೇ ಬನಿಯನ್ ಬಟ್ಟೆ ಸಾಕು. ಗುಂಡಿ, ಜಿಪ್ ಇರುವ ಅಂಗಿ, ಪ್ಯಾಂಟ್ ಬೇಡ. ಸಂದಿಗಳಿಗೆ ಹಳೇ ಟೂತ್‌ಬ್ರಷ್. ಟೈರಿಗೆ ಬೇಕಾದರೆ ತೆಂಗಿನ ನಾರು. ಅದನ್ನು ಬಣ್ಣಕ್ಕೆ ಮಾತ್ರ ಮುಟ್ಟಿಸಬೇಡಿ.

ಸೋಪಿನ ವಿಷಯಕ್ಕೆ ಬಂದರೆ ವಾಹನದ ಶಾಂಪೂ ಒಳ್ಳೆಯದು. ಬಟ್ಟೆ ಒಗೆಯುವ ಪುಡಿ, ಪಾತ್ರೆ ಸೋಪು ಬಣ್ಣದ ಮೇಲಿನ ವ್ಯಾಕ್ಸ್ ತೆಗೆದುಬಿಡುತ್ತವೆ. ಮೈಸೋಪು ಗಡಸು ನೀರಿನಲ್ಲಿ ಮೊಸರೊಡೆದಂತಾಗಿ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ತುರ್ತಿಗೆ ತಲೆಗೆ ಹಾಕುವ ಶಾಂಪೂ ಸ್ಯಾಶೆ ಒಂದು ನಡೆಯುತ್ತದೆ.

ಇನ್ನು ನೀರು. ಪೈಪ್ ಹಿಡಿದು ನಿಂತರೆ ಎಷ್ಟು ಹರಿಯುತ್ತದೆ ಎಂಬ ಅಂದಾಜು ನಮಗಿರುವುದಿಲ್ಲ. ಒಮ್ಮೆ ಗಡಿಯಾರ ನೋಡಿ ಅಳೆಯಿರಿ. 15 ಲೀಟರ್ ಬಕೆಟ್ ಒಂದು ನಿಮಿಷಕ್ಕೆ ತುಂಬಿದರೆ ಅರ್ಧ ಗಂಟೆಗೆ 450 ಲೀಟರ್ ಹೋಯಿತು ಎಂದೇ ಲೆಕ್ಕ. ಇದೇ ಎರಡು ಬಕೆಟನ್ನು ಮತ್ತೆ ತುಂಬಿಕೊಂಡು ತೊಳೆದರೆ ನಾಲ್ಕು ಬಕೆಟ್, ಅಂದರೆ 60 ಲೀಟರ್‌ನಲ್ಲಿ ಕೆಲಸ ಮುಗಿಯುತ್ತದೆ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಬರದ ರುಚಿ ಕಂಡಿರುವ ನಮಗೆ ದಂಡ ಹಾಕಿ ಹೇಳಿಕೊಡಬೇಕಿಲ್ಲ.

ಮಳೆಗಾಲದಲ್ಲಿ ಮಾಡಿನಿಂದ ಬೀಳುವ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಬೈಕಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಅದರಲ್ಲಿ ಲವಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಹಿಂದೆ ಪೈಪಿನಿಂದ ಹೊರಹೋಗುವ ನೀರು ಪುಕ್ಕಟೆ ಸಿಗುತ್ತದೆಂದು ಕೆಲವರು ಅದರಲ್ಲೇ ಗಾಡಿ ತೊಳೆಯುತ್ತಾರೆ. ಅದು ಲವಣವೆಲ್ಲ ಸೇರಿ ಗಟ್ಟಿಯಾದ ನೀರು, ಬೋರ್ ನೀರಿಗಿಂತಲೂ ಉಪ್ಪು. ಟೈರ್, ಮಡ್‌ಗಾರ್ಡ್‌ನ ಕೆಸರು ಕೆಡವಲು ಬಳಸಿಕೊಳ್ಳಿ. ಕೊನೆಯ ನೀರು ಅದಾಗಬಾರದು.

ತೊಳೆಯುವ ಕ್ರಮ

1. ನೆರಳು, ತಣ್ಣನೆಯ ಎಂಜಿನ್. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ತೊಳೆಯಿರಿ. ಓಡಿಸಿ ತಂದ ಬೈಕನ್ನು ಅರ್ಧ ಗಂಟೆ ಆರಲು ಬಿಡಿ. ಕಾದ ಎಂಜಿನ್, ಸೈಲೆನ್ಸರ್ ಮೇಲೆ ತಣ್ಣೀರು ಸುರಿಯುವುದು ಲೋಹಕ್ಕೆ ಒಳ್ಳೆಯದಲ್ಲ, ಕೈಗೂ ಅಪಾಯ. ಸೆಂಟರ್ ಸ್ಟ್ಯಾಂಡ್ ಹಾಕಿ, ಕೀ ತೆಗೆಯಿರಿ.

2. ಮುಚ್ಚುವ ಕೆಲಸ. ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ಕೀ ಹಾಕುವ ತೂತು, ಹ್ಯಾಂಡಲ್ ಮೇಲಿನ ಸ್ವಿಚ್‌ಗಳ ಮೇಲೆ ಇನ್ನೊಂದು ಕವರ್. ಮುಗಿದ ಮೇಲೆ ಸೈಲೆನ್ಸರ್ ಕವರ್ ತೆಗೆಯಲು ಮರೆಯಬೇಡಿ.

3. ಸುತ್ತಿಕೊಂಡದ್ದನ್ನು ಬಿಡಿಸಿ. ರಾಗಿ, ಹುರುಳಿ ಕೊಯ್ಲಿನ ಕಾಲದಲ್ಲಿ ರಸ್ತೆಯೇ ಕಣ. ರಸ್ತೆಗೆ ಹರಡಿದ ಬೆಳೆಯ ಮೇಲೆ ಹೋಗಿ ಬಂದ ಬೈಕಿನ ಚಕ್ರದ ನಡುವೆ, ಚೈನ್ ಪಲ್ಲೆಯಲ್ಲಿ, ಸೈಲೆನ್ಸರ್ ಪಕ್ಕದಲ್ಲಿ ಹುರುಳಿ ಬಳ್ಳಿ, ಹುಲ್ಲು ಸಿಕ್ಕಿಕೊಂಡಿರುತ್ತದೆ. ಕಾದ ಸೈಲೆನ್ಸರ್‌ಗೆ ತಾಗಿ ಕುಳಿತ ಒಣಹುಲ್ಲು ಹೊತ್ತಿಕೊಳ್ಳಲೂಬಹುದು. ನೀರು ಹಾಕುವ ಮೊದಲು ಕೈಯಿಂದ ಎಲ್ಲವನ್ನೂ ಕಿತ್ತು ತೆಗೆಯಿರಿ.

4. ಮೊದಲ ಬಕೆಟ್: ನೆನೆಸುವುದಕ್ಕೆ. ಚೊಂಬಿನಿಂದ ಮೇಲಿನಿಂದ ಕೆಳಕ್ಕೆ ನಿಧಾನ ನೀರು ಬಿಡಿ, ಉಜ್ಜಬೇಡಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಬಿಡಿ. ಮಡ್‌ಗಾರ್ಡ್ ಒಳಗೆ ಗಟ್ಟಿಯಾದ ಮಣ್ಣು ಹೆಂಟೆ ಹೆಂಟೆಯಾಗಿ ತಾನೇ ಉದುರುತ್ತದೆ. ಹೊಂಗೆ, ಹುಣಸೆ ಮರದಡಿ ನಿಲ್ಲಿಸಿದ ಬೈಕಿನ ಮೇಲೆ ಹಕ್ಕಿ ಹಿಕ್ಕೆ ಒಣಗಿದ್ದರೆ ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಬಿಡಿ, ಕೆರೆಯಬೇಡಿ. ಕೈಯಲ್ಲಿ ಒತ್ತಿ ಹೊಡೆಯುವ ಸ್ಪ್ರೇಯರ್ ಇದ್ದರೆ ಇನ್ನೂ ಕಡಿಮೆ ನೀರು ಸಾಕು. ಆದರೆ ಹೊಲಕ್ಕೆ ಔಷಧಿ, ಕಳೆನಾಶಕ ಹೊಡೆದ ಕ್ಯಾನ್ ತರಬೇಡಿ.

5. ಎರಡನೇ ಬಕೆಟ್: ಶಾಂಪೂ. ಮೂರನೆಯದು: ಬಟ್ಟೆ ಜಾಲಾಡಲು. ಶಾಂಪೂ ನೀರಿನಲ್ಲಿ ಬಟ್ಟೆ ಅದ್ದಿ ಟ್ಯಾಂಕ್‌ನಿಂದ ಶುರು ಮಾಡಿ. ನಂತರ ಹೆಡ್‌ಲೈಟ್, ಸೈಡ್ ಪ್ಯಾನೆಲ್, ಸೀಟು, ಹಿಂದಿನ ಭಾಗ. ಸುತ್ತಿ ಸುತ್ತಿ ಉಜ್ಜದೆ ಒಂದೇ ದಿಕ್ಕಿಗೆ ಎಳೆಯಿರಿ. ಒಂದೊಂದು ಭಾಗ ಮುಗಿದಾಗಲೂ ಬಟ್ಟೆಯನ್ನು ಸಾದಾ ನೀರಿನ ಬಕೆಟ್‌ನಲ್ಲಿ ಜಾಲಾಡಿ ಹಿಂಡಿ, ಆಮೇಲೆ ಶಾಂಪೂಗೆ ಅದ್ದಿ. ಕೊನೆಗೆ ಜಾಲಾಡಿದ ಬಕೆಟ್‌ನ ತಳ ನೋಡಿ. ಬೆರಳಿಗೆ ಸಿಗುವ ಕೆಂಪು ಮರಳು ಕುಳಿತಿರುತ್ತದೆ. ಒಂದೇ ಬಕೆಟ್ ಇಟ್ಟುಕೊಂಡಿದ್ದರೆ ಅಷ್ಟೂ ಮರಳು ಟ್ಯಾಂಕ್ ಮೇಲೆ ತಿರುಗಾಡುತ್ತಿತ್ತು.

ಎರಡನೇ ಬಟ್ಟೆಯಿಂದ ಎಂಜಿನ್, ಫುಟ್‌ರೆಸ್ಟ್, ಕೊನೆಗೆ ಚಕ್ರ. ಎಂಜಿನ್ ರೆಕ್ಕೆಗಳ ಸಂದಿಗೆ, ಸ್ಪೋಕ್‌ಗಳಿಗೆ ಟೂತ್‌ಬ್ರಷ್. ಗಾಳಿ ತಾಗಿ ತಣಿಯುವ ಎಂಜಿನ್‌ಗೆ ಆ ಸಂದಿಗಳೇ ಉಸಿರು. ಅಲ್ಲಿ ಮಣ್ಣು ಮೆತ್ತಿದರೆ ಬಿಸಿ ಹೊರಹೋಗುವುದಿಲ್ಲ. ಹೊಸ ಡಾಂಬರಿನ ಚುಕ್ಕೆಗಳಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿ, ಮೇಲೆ ಶಾಂಪೂ ಹಾಕಿ.

6. ನಾಲ್ಕನೇ ಬಕೆಟ್: ಕೊನೆಯ ನೀರು. ನೊರೆ ಒಣಗುವ ಮುಂಚೆ ಮೇಲಿನಿಂದ ಕೆಳಕ್ಕೆ ಬಿಡಿ. ಮಳೆನೀರಿದ್ದರೆ ಟ್ಯಾಂಕ್ ಮತ್ತು ಪ್ಯಾನೆಲ್‌ಗಳಿಗೆ ಕೊನೆಯ ಎರಡು ಚೊಂಬು ಅದನ್ನೇ ಹಾಕಿ.

7. ತಕ್ಷಣ ಒರೆಸಿ. ಬಿಸಿಲಿಗೆ ನಿಲ್ಲಿಸಿ ಒಣಗಿಸುವ ಅಭ್ಯಾಸವೇ ಬಿಳಿ ಚುಕ್ಕೆಗಳ ತಾಯಿ. ಮೂರನೇ ಬಟ್ಟೆಯಿಂದ ಒತ್ತಿ ನೀರು ಹೀರಿಸಿ, ಹಿಂಡಿ, ಮತ್ತೆ ಒತ್ತಿ. ಪ್ಲಗ್ ಕ್ಯಾಪ್ ಸುತ್ತ, ಸ್ವಿಚ್‌ಗಳ ಸುತ್ತ, ಟ್ಯಾಂಕ್ ಮುಚ್ಚಳದ ಅಂಚಿನಲ್ಲಿ ನಿಂತ ನೀರನ್ನು ಮರೆಯದೆ ತೆಗೆಯಿರಿ. ಈಗಾಗಲೇ ಕೂತಿರುವ ಬಿಳಿ ಕಲೆಗೆ ಒಂದು ಪಾಲು ವಿನೆಗರ್, ಎರಡು ಪಾಲು ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒರೆಸಿ, ಕೂಡಲೇ ಸಾದಾ ನೀರಿನಿಂದ ತೊಳೆಯಿರಿ. ಹಿತ್ತಾಳೆ ಬೆಳಗುವಂತೆ ಹುಣಸೆಹಣ್ಣು ಹಾಕಿ ತಿಕ್ಕುವುದು ಬೇಡ.

ಚೈನ್ ಕೆಲಸ ಬೇರೆ

ತೊಳೆದು ಹಾಗೇ ಬಿಟ್ಟ ಚೈನ್ ಒಂದೆರಡು ದಿನಕ್ಕೇ ತುಕ್ಕು ಹಿಡಿದು ಕಿರಗುಟ್ಟುತ್ತದೆ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್‌ನಲ್ಲಿ ಬ್ರಷ್ ಅದ್ದಿ ಹಳೇ ಜಿಡ್ಡು ತೆಗೆಯಿರಿ, ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಚೈನ್ ಸ್ಪ್ರೇ ಇಲ್ಲವೇ 90 ನಂಬರ್ ಗೇರ್ ಆಯಿಲ್ ಬಿಡಿ. ಹತ್ತು ನಿಮಿಷದ ನಂತರ ಹೆಚ್ಚಾದದ್ದನ್ನು ಒರೆಸಿ. ಒಳಗೆ ಇಳಿದದ್ದಷ್ಟೇ ಕೆಲಸಕ್ಕೆ ಬರುವುದು, ಹೊರಗೆ ಉಳಿದದ್ದು ಧೂಳು ಹಿಡಿಯುತ್ತದೆ. ಚೈನ್ ಪೂರ್ತಿ ಮುಚ್ಚಿದ ಬೈಕಾದರೆ ಕವರ್ ಮೇಲಿನ ರಬ್ಬರ್ ಮುಚ್ಚಳ ತೆಗೆದು ಎಣ್ಣೆ ಬಿಡಬಹುದು. ಪೆಟ್ರೋಲ್ ಬೇಡ, ಬೆಂಕಿಯ ಭಯ ಒಂದು ಕಡೆ, ಚೈನ್ ಒಳಗಿನ ರಬ್ಬರ್ ರಿಂಗ್ ಹಾಳಾಗುವುದು ಇನ್ನೊಂದು ಕಡೆ.

ದೊಡ್ಡ ಎಚ್ಚರಿಕೆ: ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚೈನ್‌ಗೆ ಬಟ್ಟೆ ಹಿಡಿಯಬೇಡಿ. ಬಟ್ಟೆ ಸಿಕ್ಕಿಕೊಂಡರೆ ಪಲ್ಲೆಯ ಹಲ್ಲಿಗೆ ಬೆರಳು ಹೋಗಲು ಅರೆಗಳಿಗೆ ಸಾಕು. ಎಂಜಿನ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಿ.

ಹೊಳಪು ಎಲ್ಲಿ ಬೇಡ

ಬ್ರೇಕ್ ಡಿಸ್ಕ್, ಟೈರಿನ ನೆಲ ಮುಟ್ಟುವ ಭಾಗ, ಫುಟ್‌ರೆಸ್ಟ್, ಬ್ರೇಕ್ ಪೆಡಲ್, ಸೀಟು: ಈ ಐದಕ್ಕೆ ಪಾಲಿಶ್, ಎಣ್ಣೆ ತಾಗಬಾರದು. ಟ್ಯಾಂಕ್, ಪ್ಯಾನೆಲ್‌ಗಳಿಗೆ ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿದರೆ ಧೂಳು ಬೇಗ ಬಿಡುತ್ತದೆ. ಮಿರುಗದ ಮ್ಯಾಟ್ ಬಣ್ಣದ ಬೈಕಿಗೆ ವ್ಯಾಕ್ಸ್, ಪಾಲಿಶ್ ಎರಡೂ ಬೇಡ. ಅಲ್ಲಲ್ಲಿ ಮಿರುಗಿ ತೇಪೆ ಹಾಕಿದಂತೆ ಕಾಣುತ್ತದೆ.

ತೊಳೆದಾದ ಮೇಲೆ ಮೊದಲ ಅರ್ಧ ಕಿಲೋಮೀಟರ್ ನಿಧಾನ ಹೋಗಿ, ಬ್ರೇಕನ್ನು ಮೆಲ್ಲಗೆ ನಾಲ್ಕಾರು ಸಲ ಒತ್ತಿ ಬಿಡಿ. ಡ್ರಮ್ ಬ್ರೇಕ್ ಒಳಗೆ ನೀರು ಹೋಗಿದ್ದರೆ ಅದು ಒಣಗುವವರೆಗೆ ಹಿಡಿತ ಸಾಲದು. ಬೈಕ್ ಸ್ಟಾರ್ಟ್ ಆಗದಿದ್ದರೆ ಕಿಕ್ಕರ್ ತುಳಿದು ಬೆವರುವ ಬದಲು ಪ್ಲಗ್ ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ ನೋಡಿ.

ವಾಟರ್ ಸರ್ವಿಸ್‌ಗೆ ಕೊಡುವಾಗ

ಮಳೆಗಾಲದ ಕೆಸರಿಗೆ ವಾಟರ್ ಸರ್ವಿಸ್ ತಪ್ಪೇನಲ್ಲ, ಆದರೆ ಪಕ್ಕದಲ್ಲೇ ನಿಂತಿರಿ. ಜೆಟ್ ನೀರನ್ನು ಚಕ್ರದ ಬೇರಿಂಗ್, ಹ್ಯಾಂಡಲ್ ಕೋನ್‌ಸೆಟ್, ಮೀಟರ್, ಏರ್ ಫಿಲ್ಟರ್ ಪೆಟ್ಟಿಗೆಯ ಕಡೆಗೆ ಹತ್ತಿರದಿಂದ ಹೊಡೆಯಬಾರದೆಂದು ಮೊದಲೇ ಹೇಳಿ. ಗ್ರೀಸ್ ತೊಳೆದುಹೋದರೆ ಬೇರಿಂಗ್ ಬೇಗ ಸವೆಯುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕ್‌ಗಳಲ್ಲಿ ಸೆನ್ಸರ್‌ಗಳೂ ವೈರಿನ ಕನೆಕ್ಟರ್‌ಗಳೂ ಹೆಚ್ಚು. ಎಲೆಕ್ಟ್ರಿಕ್ ಸ್ಕೂಟರ್‌ಗೆ ಜೆಟ್ ಬೇಡವೇ ಬೇಡ. ಚಾರ್ಜ್ ಆಗುತ್ತಿರುವಾಗ ತೊಳೆಯಬೇಡಿ. ಕೊನೆಗೆ ‘ಮಿರುಗಲಿ’ ಎಂದು ಡೀಸೆಲ್ ಹೊಡೆಯುವವರಿದ್ದಾರೆ. ಒಂದು ದಿನ ಮಿರುಗುತ್ತದೆ, ಮರುದಿನ ಊರಿನ ಧೂಳೆಲ್ಲ ಅದಕ್ಕೇ ಅಂಟುತ್ತದೆ, ರಬ್ಬರ್ ಭಾಗಗಳೂ ಕೆಡುತ್ತವೆ. ಬೇಡ ಎಂದುಬಿಡಿ.

ಆಯುಧಪೂಜೆಯಾದ ಮೇಲೆ

ವರ್ಷಕ್ಕೊಮ್ಮೆ ಎಲ್ಲರೂ ಮನಸಿಟ್ಟು ತೊಳೆಯುವುದು ಆಯುಧಪೂಜೆಗೆ. ಆದರೆ ಪೂಜೆಯಾದ ಮೇಲಿನ ಕೆಲಸ ಮರೆಯುತ್ತೇವೆ. ಕುಂಕುಮ, ಕುಂಬಳಕಾಯಿ ರಸದ ಕಲೆಯನ್ನು ಅಂದೇ ಸಂಜೆ ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಹೆಡ್‌ಲೈಟ್ ಮೇಲೆ ಬಳಿದ ವಿಭೂತಿ, ಗಂಧ ರಾತ್ರಿಯ ಬೆಳಕನ್ನು ಕುಂದಿಸುತ್ತದೆ. ಹೂವಿನ ಹಾರದ ದಾರ ಚಕ್ರಕ್ಕೆ ಸುತ್ತಿಕೊಳ್ಳುವ ಮುನ್ನ ಬಿಚ್ಚಿ. ಕರ್ಪೂರವನ್ನು ಟ್ಯಾಂಕಿನಿಂದ ದೂರ ಹಚ್ಚಿ.

ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿಯುವ ಜಯಮಂಗಲಿಯಲ್ಲಿ ನೀರು ಕಾಣುವುದು ವರ್ಷದಲ್ಲಿ ಕೆಲವೇ ದಿನ. ನೀರು ಬಂದ ಖುಷಿಗೆ ಬೈಕನ್ನು ಹೊಳೆಗೆ, ಕೆರೆಗೆ ಇಳಿಸಿ ತೊಳೆಯುವವರಿಗೆ ಒಂದು ಮಾತು. ಚೈನ್ ಜಿಡ್ಡು, ಎಂಜಿನ್ ಆಯಿಲ್, ಸೋಪು ಎಲ್ಲ ಸೇರುವುದು ದನಕರು ಕುಡಿಯುವ ನೀರಿಗೆ. ನೀರಿನ ಮೂಲ ಕೆಡಿಸುವುದು 1974ರ ಜಲ ಮಾಲಿನ್ಯ ಕಾಯ್ದೆಗೆ ವಿರುದ್ಧವೂ ಹೌದು. ನಾಲ್ಕು ಬಕೆಟ್ ನೀರು ದಡದ ಮೇಲಕ್ಕೆ ಹೊತ್ತು ತಂದು ತೊಳೆದರೆ ಕೈಯೇನೂ ಸವೆಯುವುದಿಲ್ಲ.

ದಿನವೂ ಮಣ್ಣುದಾರಿಯಲ್ಲಿ ಓಡಾಡುವವರು ವಾರಕ್ಕೊಮ್ಮೆ, ಪೇಟೆಯೊಳಗೇ ಓಡಿಸುವವರು ಹದಿನೈದು ದಿನಕ್ಕೊಮ್ಮೆ ತೊಳೆದರೆ ಸಾಕು. ಅಷ್ಟಕ್ಕೂ ಪುರುಸೊತ್ತಿಲ್ಲದವರು ಒಂದು ಕೆಲಸವನ್ನಾದರೂ ಮಾಡಿ: ಸೀಟಿನಡಿಯ ಆ ಒಣಬಟ್ಟೆಯನ್ನು ಇವತ್ತೇ ಎಸೆದು, ಅಲ್ಲೊಂದು ಚಿಕ್ಕ ನೀರಿನ ಬಾಟಲಿ, ಒಗೆದ ಮೆತ್ತನೆ ಬಟ್ಟೆ ಇಡಿ. ಮೊದಲು ನೀರು, ಆಮೇಲೆ ಬಟ್ಟೆ.