ಹಾಸ್ಟೆಲಿನ ಮಗಳು ಹೇಳದೆ ಉಳಿಸಿಕೊಂಡ ಮಾತು

ಮಗಳು ಎಂ.ಎ. ಓದಲೆಂದು ಕೊಣಾಜೆಗೋ ಮಾನಸಗಂಗೋತ್ರಿಗೋ ಹೋಗಿದ್ದಾಳೆ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಭಾನುವಾರದ ಪೂಜೆ ಮುಗಿಸಿ ತಪ್ಪದೆ ಫೋನ್ ಮಾಡುತ್ತಿದ್ದವಳು ಈಗ ಎರಡು ಮಾತಿಗೇ ನಿಲ್ಲಿಸುತ್ತಾಳೆ. ಗೆಳತಿಯರ ಸುದ್ದಿಯೇ ಇಲ್ಲ. ಕ್ರಿಸ್ಮಸ್ ರಜೆಗೆ ಮನೆಗೆ ಬಂದರೂ ಮೊಬೈಲು ಸದ್ದಾದರೆ ಬೆಚ್ಚಿಬಿದ್ದು ಅಂಗಳಕ್ಕೆ ಓಡುತ್ತಾಳೆ. ಓದಿನ ಒತ್ತಡವಿರಬೇಕು ಎಂದು ನಾವು ಸುಮ್ಮನಾಗುತ್ತೇವೆ.

ಒತ್ತಡ ಓದಿನದೇ ಆಗಿರಬೇಕೆಂದಿಲ್ಲ. ಅವಳು ಮೆಚ್ಚಿದ ಹುಡುಗನೇ ಯಾರೊಡನೆ ಮಾತಾಡಬೇಕು, ಯಾವ ಬಟ್ಟೆ ತೊಡಬೇಕು ಎಂದು ಅಪ್ಪಣೆ ಕೊಡುತ್ತಿರಬಹುದು. ಫೋನಿನ ಗುಪ್ತಪದ ಕಸಿದುಕೊಂಡಿರಬಹುದು. ಇವತ್ತು ಕೈಮಾಡಿ ನಾಳೆ ಅತ್ತು ಕಾಲು ಹಿಡಿಯುತ್ತಿರಬಹುದು. ಬಿಟ್ಟುಹೋದರೆ ಫೋಟೋಗಳನ್ನು ನಿನ್ನ ಅಪ್ಪನಿಗೆ ಕಳಿಸುತ್ತೇನೆ ಎಂದು ಹೆದರಿಸುತ್ತಿರಬಹುದು. ಇದು ಪ್ರೇಮವಲ್ಲ, ದೌರ್ಜನ್ಯ. ಆದರೂ ಅವಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಹೇಳಿದರೆ ಓದು ಬಿಡಿಸಿ ಕರೆದುಕೊಂಡು ಬರುತ್ತಾರೆಂಬ ಭಯ. ಆ ಭಯಕ್ಕೆ ಆಧಾರವಿಲ್ಲವೆಂದು ನಾವು ಎದೆ ತಟ್ಟಿ ಹೇಳಬಲ್ಲೆವೇ?

ಓದು ಬಿಡಿಸಬೇಕಾಗಿಲ್ಲ. ವಿಶ್ವವಿದ್ಯಾನಿಲಯದ ಒಳಗೇ ಇದಕ್ಕೆ ದಾರಿ ಇದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2015ರ ನಿಯಮಗಳಂತೆ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯೂ ಆಂತರಿಕ ದೂರು ಸಮಿತಿಯನ್ನು ಹೊಂದಿರಬೇಕು. ಅದರ ಅಧ್ಯಕ್ಷೆ ಹಿರಿಯ ಮಹಿಳಾ ಅಧ್ಯಾಪಕಿ. ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಸಂಸ್ಥೆಯ ಹೊರಗಿನವರೊಬ್ಬರು ಇರಬೇಕು. ಕುಲಪತಿ, ಕುಲಸಚಿವ, ವಿಭಾಗದ ಮುಖ್ಯಸ್ಥರು ಸದಸ್ಯರಾಗುವಂತಿಲ್ಲ. ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಕುಳಿತುಕೊಳ್ಳುತ್ತಾರೆ. ಲೈಂಗಿಕ ಸ್ವರೂಪದ ಕಿರುಕುಳವೆಲ್ಲ ಈ ಸಮಿತಿಯ ಮುಂದೆ ಬರುತ್ತದೆ, ಅದನ್ನು ಕೊಟ್ಟವನು ಒಂದು ಕಾಲಕ್ಕೆ ಗೆಳೆಯನಾಗಿದ್ದರೂ ಸರಿ.

ದೂರು ಬರವಣಿಗೆಯಲ್ಲಿರಬೇಕು, ಘಟನೆ ನಡೆದ 3 ತಿಂಗಳೊಳಗೆ ಕೊಡಬೇಕು. ಮೇಲಿಂದ ಮೇಲೆ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಷ್ಟು ದಿನ ಅದೇ ತರಗತಿಯಲ್ಲಿ ಅವನ ಎದುರು ಕೂರುವುದು ಹೇಗೆ? ಅದಕ್ಕೂ ಉಪಾಯವುಂಟು: ದೂರವಿರುವಂತೆ ಅವನಿಗೆ ತಾಕೀತು ಮಾಡಬಹುದು, ವಿಭಾಗ ಬದಲಿಸಬಹುದು, ಅವಳಿಗೆ 3 ತಿಂಗಳವರೆಗೆ ರಜೆ ಕೊಡಬಹುದು. ದೂರಿನ ವಿವರ ಗುಟ್ಟಾಗಿರಬೇಕು.

ಹೊಡೆತ, ಬೆದರಿಕೆಗಳಿಗೆ ಸಮಿತಿಯೊಂದೇ ಸಾಲದು. ಅವು ಪೋಲಿಸರ ವ್ಯಾಪ್ತಿಗೆ ಬರುವ ಅಪರಾಧಗಳು. ಬೇಡವೆಂದ ಮೇಲೂ ಬೆನ್ನು ಹತ್ತಿ ಕಾಡುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ನಿನಡಿ ಶಿಕ್ಷಾರ್ಹ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಜಿಲ್ಲೆಯ 'ಸಖಿ' ಕೇಂದ್ರದಲ್ಲಿ ಚಿಕಿತ್ಸೆ, ಕಾನೂನು ಸಲಹೆ, ಕೆಲ ದಿನಗಳ ಆಸರೆ ಒಂದೇ ಕಡೆ ಸಿಗುತ್ತವೆ. ರಾತ್ರಿ ನಿದ್ದೆ ಬಾರದೆ ಎದೆ ಭಾರವಾದಾಗ 'ಟೆಲಿ-ಮಾನಸ್' 14416ಕ್ಕೆ ಕರೆಮಾಡಿ ಮಾತಾಡಬಹುದು. ಅವನ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಿಹಾಕಬಾರದು. ದಿನಾಂಕ ಕಾಣುವಂತೆ ಜೋಪಾನ ಮಾಡಲಿ.

ನಮ್ಮ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಕ್ಷಮಿಸಿಬಿಡು ಮಗಾ, ಕ್ರೈಸ್ತರಲ್ಲವೇ ನಾವು." ಕ್ಷಮಿಸುವುದು ಬೇರೆ, ಅವನ ಕೈಗೆ ಮತ್ತೆ ಸಿಕ್ಕಿಕೊಳ್ಳುವುದು ಬೇರೆ. ವಿವಾಹ ಸಂಸ್ಕಾರ ಪಡೆದ ದಂಪತಿಗಳಲ್ಲಿಯೇ ಒಬ್ಬರಿಂದ ಇನ್ನೊಬ್ಬರಿಗೆ ಘೋರ ಅಪಾಯವಿದ್ದರೆ ಬೇರೆಯಾಗಿ ಬಾಳಲು ಧರ್ಮಸಭೆಯ ಕಾನೂನಿನ 1153ನೇ ನಿಯಮ ಆಸ್ಪದ ಕೊಟ್ಟಿದೆ. ಇನ್ನು ಉಂಗುರವನ್ನೂ ತೊಡಿಸದ ಹುಡುಗನ ಹೊಡೆತವನ್ನು ಸಹಿಸಿಕೋ ಎನ್ನಲು ನಾವು ಯಾರು? ಇಬ್ಬರನ್ನೂ ಎದುರು ಕೂರಿಸಿ ರಾಜಿ ಮಾಡಿಸುವಂತೆ ಧರ್ಮಕೇಂದ್ರದ ಗುರುಗಳನ್ನು ಒತ್ತಾಯಿಸುವುದೂ ತರವಲ್ಲ. ಅವನ ಮುಂದೆ ಅವಳು ಮತ್ತೆ ಮೂಕಿಯಾಗುತ್ತಾಳೆ.

ಆ ಹುಡುಗನೂ ಯಾವುದೋ ಮನೆಯ ಮಗನೇ, ಬಹುಶಃ ನಮ್ಮ ಪಕ್ಕದ ಬೆಂಚಿನವರ ಮಗ.

ಈ ಸಲ ಮಗಳನ್ನು ಬಿಡಲು ಹೋದಾಗ ಟ್ರಂಕು ಇಳಿಸಿ ಅವಸರದಿಂದ ಬಸ್ಸು ಹತ್ತಬೇಡಿ. ಸಮಿತಿಯ ಸದಸ್ಯರ ಸಂಪರ್ಕ ವಿವರವನ್ನು ಎಲ್ಲರಿಗೂ ತಿಳಿಸುವುದು ಸಂಸ್ಥೆಯ ಕರ್ತವ್ಯ. ನೋಟೀಸು ಬೋರ್ಡಿನಲ್ಲಿ ಹುಡುಕಿ. ಕಾಣದಿದ್ದರೆ ಕಚೇರಿಯಲ್ಲಿ ಕೇಳಿ, ಮಗಳ ಎದುರಿನಲ್ಲೇ ಬರೆದುಕೊಳ್ಳಿ. ಒಂದು ಪ್ರತಿ ಅವಳ ಬಳಿ ಇರಲಿ.