ಕೈಪಂಪಿನ ಹತ್ತಿರವೇ ನಿಲ್ಲಿಸಬೇಡ, ಮಗಳೇ

ನಿಮ್ಮ ಶಾಲೆಯ ಲೈಬ್ರರಿಗೆ ಅಮೆರಿಕದ ಹೆಸರಾಂತ ಹೆಣ್ಣುಮಕ್ಕಳ ಜೀವನಕಥೆಗಳು ಬಂದಿವೆ, ಹುಡುಗಿಯರಿಗೆ ಓದಿಸಬೇಕು ಅಂತಿದ್ದೀನಿ ಅಂದೆಯಲ್ಲ, ಕೇಳಿ ಖುಷಿಯಾಯಿತು. ಓದಿಸು. ಗುಬ್ಬಿ ಹುಡುಗಿಯರಿಗೆ ಅಲಬಾಮದ ಸುದ್ದಿ ಯಾಕೆ ಎಂದು ಮೂಗು ಮುರಿಯುವವರು ಸ್ಟಾಫ್ ರೂಮಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ಆದರೆ ನಿನ್ನ ಈ ದೊಡ್ಡಮ್ಮನೂ ಮೇಷ್ಟ್ರ ಕೆಲಸ ಮಾಡಿದವಳೇ. ಅದಕ್ಕೆ ಒಂದು ಮಾತು.

ಮಕ್ಕಳಿಗಾಗಿ ಬರೆದ ಇಂಥ ಪುಸ್ತಕಗಳು ಇಡೀ ಬದುಕನ್ನು ಒಂದು ಘಟನೆಗೆ ಕಟ್ಟಿಹಾಕಿಬಿಡುತ್ತವೆ. ಹೆಲೆನ್ ಕೆಲರ್ ಅಂದರೆ ಮಕ್ಕಳಿಗೆ ನೆನಪಾಗುವುದು ಕೈಪಂಪು. 1887ರಲ್ಲಿ ಆನಿ ಸಲಿವನ್ ಟೀಚರ್ ಹುಡುಗಿಯ ಒಂದು ಕೈಮೇಲೆ ನೀರು ಬಿಟ್ಟು, ಇನ್ನೊಂದು ಕೈಯಲ್ಲಿ ಅಕ್ಷರ ಬರೆದರು, ಕಣ್ಣೂ ಕಿವಿಯೂ ಇಲ್ಲದ ಮಗುವಿಗೆ ಭಾಷೆ ಸಿಕ್ಕಿತು. ಅಲ್ಲಿಗೆ ಕಥೆ ಮುಗಿಯಿತು, ಮಕ್ಕಳು ಚಪ್ಪಾಳೆ ತಟ್ಟಿದರು! ಆದರೆ ಹೆಲೆನ್ ತೀರಿಕೊಂಡದ್ದು 1968ರಲ್ಲಿ. ನಡುವಿನ ಎಂಬತ್ತೊಂದು ವರ್ಷ ಎಲ್ಲಿ ಹೋಯಿತು? ಕಾಲೇಜಿನಲ್ಲಿ ಓದುತ್ತಿರುವಾಗಲೇ, 1903ರಲ್ಲಿ, ಆಕೆಯ ಆತ್ಮಕಥೆ ಅಚ್ಚಾಯಿತು. ಮರುವರ್ಷ ಪದವಿ ಬಂತು. ಆಮೇಲೆ ಸಮಾಜವಾದಿ ಪಕ್ಷ ಸೇರಿದರು, ಹೆಂಗಸರ ಮತದಾನದ ಹಕ್ಕಿಗೆ ದನಿ ಎತ್ತಿದರು. ಅಲ್ಲಿಯವರೆಗೆ ಹೊಗಳಿದ್ದ ಕೆಲವು ಪತ್ರಿಕೆಗಳು ಆಗ ತಿರುಗಿಬಿದ್ದವು. 1920ರಿಂದ ಕೆಲವು ವರ್ಷ ಹೊಟ್ಟೆಪಾಡಿಗಾಗಿ ಆನಿಯ ಜೊತೆ ಊರೂರಿನ ರಂಗಮಂದಿರಗಳ ವೇದಿಕೆ ಹತ್ತಿದರು. ಇದನ್ನು ಹೇಳದೆ ಬಿಟ್ಟರೆ ಹುಡುಗಿಯರಿಗೆ ಸಿಗುವುದು ಒಂದು ಪವಾಡ, ಒಬ್ಬ ಹೆಂಗಸಲ್ಲ.

ರೋಸಾ ಪಾರ್ಕ್ಸ್ ಕಥೆಗೂ ಇದೇ ಗತಿ. ದಣಿದ ದರ್ಜಿ ಹೆಂಗಸು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ, ದೇಶ ಬದಲಾಯಿತು ಎಂದು ಬರೆದಿರುತ್ತಾರೆ. ಆ ದಿನಕ್ಕೆ, ಅಂದರೆ 1955ರ ಡಿಸೆಂಬರ್ 1ಕ್ಕೆ, ಆಕೆಗೆ 42 ವರ್ಷ. ಅದಕ್ಕೂ ಹನ್ನೆರಡು ವರ್ಷ ಮೊದಲೇ ಅಲಬಾಮದ ಮಾಂಟ್‌ಗಮರಿಯಲ್ಲಿ ಕರಿಯರ ಹಕ್ಕಿನ ಸಂಘದ ಕಾರ್ಯದರ್ಶಿ ಆಗಿದ್ದವರು. ಆ ಘಟನೆಯ ಮೇಲೆ ಊರಿನ ಕರಿಯರು ಹೂಡಿದ ಬಸ್ ಬಹಿಷ್ಕಾರ 381 ದಿನ ನಡೆಯಿತು. ಅದರ ಕರಪತ್ರಗಳನ್ನು ರಾತ್ರೋರಾತ್ರಿ ಸಾವಿರಾರು ಪ್ರತಿ ತೆಗೆದು ಹಂಚಿಸಿದವರು ಜೋ ಆನ್ ರಾಬಿನ್ಸನ್ ಎಂಬ ಟೀಚರ್. ಪಾರ್ಕ್ಸ್ ಕೆಲಸ ಕಳೆದುಕೊಂಡು 1957ರಲ್ಲಿ ಊರನ್ನೇ ಬಿಡಬೇಕಾಯಿತು. ಗೆದ್ದವರಿಗೂ ಮನೆ ಬಾಡಿಗೆ ಕಟ್ಟುವುದಿರುತ್ತೆ ಅನ್ನುವುದು ಹೈಸ್ಕೂಲ್ ಹುಡುಗಿಗೆ ಗೊತ್ತಾಗಬೇಡವೇ?

ಈಗ ನಮ್ಮ ಕಡೆಗೆ ಬಾ. ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ನಿಮ್ಮ ಗುಬ್ಬಿ ತಾಲ್ಲೂಕಿನಲ್ಲೇ. ಮಕ್ಕಳಿರಲಿಲ್ಲ, ಮರಗಳನ್ನೇ ಮಕ್ಕಳೆಂದು ಸಾಕಿದರು ಎಂಬ ಒಂದು ಸಾಲು ಎಲ್ಲ ಪಠ್ಯದಲ್ಲೂ ಇದೆ. ಆ ಸಾಲು ಸುಳ್ಳಲ್ಲ, ಸಾಲದು. ಕೂಲಿ ಕೆಲಸದ ಹೆಂಗಸು, ಗಂಡ ಚಿಕ್ಕಯ್ಯನ ಜೊತೆ ಹುಲಿಕಲ್–ಕುದೂರು ರಸ್ತೆಯಲ್ಲಿ ಮೊದಲ ವರ್ಷ ಹತ್ತು ಆಲದ ಸಸಿ, ಮರುವರ್ಷ ಹದಿನೈದು, ಆಮೇಲೆ ಇಪ್ಪತ್ತು ಹೀಗೆ ನೆಟ್ಟರು. ಬಿಂದಿಗೆಯಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. 385 ಮರ ಆಗಿದ್ದು ಹಾಗೆ. ಚಿಕ್ಕಯ್ಯ 1991ರಲ್ಲಿ ತೀರಿಕೊಂಡ ಮೇಲೂ ಬದುಕು ಮೂರು ದಶಕ ಮಿಕ್ಕಿ ನಡೆಯಿತು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡಲು ಆ ಮರಗಳಿಗೇ ಕೊಡಲಿ ಬೀಳುವ ಹಾಗಾದಾಗ ಮುಖ್ಯಮಂತ್ರಿಯವರೆಗೆ ಹೋಗಿ ಕೇಳಿದರು. ಆ ಭಾಗವನ್ನು ಮಕ್ಕಳಿಗೆ ಹೇಳುವವರು ಕಡಿಮೆ. ನನಗೆ ಅದೇ ಹೆಚ್ಚು ಇಷ್ಟ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಇನ್ನೊಬ್ಬರು. ಶಾಲೆಯ ಮುಖ ಕಂಡವರಲ್ಲ. ಅಜ್ಜಿಯಿಂದ ಕಲಿತ ವಿದ್ಯೆ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಕಾಸು ಮುಟ್ಟಲಿಲ್ಲ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ, ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಮೆರಿಕದ ಕೆಂಟಕಿ ಗುಡ್ಡಗಾಡಿನಲ್ಲಿ 1925ರಿಂದ ಕುದುರೆ ಮೇಲೆ ಸೂಲಗಿತ್ತಿ ನರ್ಸ್‌ಗಳನ್ನು ಕಳಿಸುತ್ತಿದ್ದ ಮೇರಿ ಬ್ರೆಕಿನ್‌ರಿಜ್ ಅಂತ ಒಬ್ಬರಿದ್ದರು. ಅನುಕೂಲಸ್ಥರ ಮನೆಯ ಮಗಳು, ಓದಿದವರು, ತಮ್ಮ ಕಥೆ ತಾವೇ ಬರೆದುಕೊಂಡರು. ನರಸಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಯಾರಾದರೂ ಪಕ್ಕ ಕೂತು ಕೇಳಿಸಿಕೊಂಡು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಬ್ಬರನ್ನೂ ಒಟ್ಟಿಗೆ ಓದಿಸಿ ನೋಡು, ಹುಡುಗಿಯರು ಏನು ಕೇಳುತ್ತಾರೋ ಕೇಳಲಿ.

ಇನ್ನು ನಿಮ್ಮೂರಿನದೇ ನಾಟಕ ಕಂಪನಿ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಶುರುವಾದದ್ದು 1884ರಲ್ಲಿ. ಅದನ್ನು ಬೆಳೆಸಿದ ಗುಬ್ಬಿ ವೀರಣ್ಣನವರಿಗೆ ‘ಕಲೆಯೇ ಕಾಯಕ’ ಎಂಬ ಆತ್ಮಕಥೆ ಇದೆ, ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರ ಇದೆ. ಸರಿಯೇ, ಅಷ್ಟು ದೊಡ್ಡವರು. ಆದರೆ ಗಂಡಸರೇ ಸೀರೆ ಉಟ್ಟು ಪಾತ್ರ ಮಾಡುತ್ತಿದ್ದ ರಂಗಕ್ಕೆ ಹೆಣ್ಣುಮಕ್ಕಳು ಬಂದರಲ್ಲ, ಬಿ. ಜಯಮ್ಮ, ಮಾಲತಮ್ಮ ಅಂಥವರು, ಕ್ಯಾಂಪಿನಿಂದ ಕ್ಯಾಂಪಿಗೆ ಕೈಗೂಸು ಎತ್ತಿಕೊಂಡು ಹೇಗೆ ಹೋದರು? ರಾತ್ರಿಯೆಲ್ಲ ನಾಟಕ ಆಡಿ ಬೆಳಿಗ್ಗೆ ಒಲೆ ಹಚ್ಚಿದವರು ಯಾರು? ಮಾಲತಮ್ಮನವರ ಮಗಳು ಬಿ. ಜಯಶ್ರೀ ಅವರ ಆತ್ಮಕಥೆ ‘ಕಣ್ಣಾಮುಚ್ಚೇ ಕಾಡೇಗೂಡೇ’ ಸಿಕ್ಕರೆ ತರಿಸಿಕೋ. ಬೇರೆ ಊರಿನದಾದರೂ ವಿಜಯಾ ಅವರ ಆತ್ಮಕಥೆ ‘ಕುದಿ ಎಸರು’ ಕೂಡ ಇರಲಿ. ಸಾಹಿತ್ಯ ಅಕಾಡೆಮಿ ಬಹುಮಾನ ಬಂದ ಪುಸ್ತಕ. ಅದು ಮಕ್ಕಳಿಗಲ್ಲ, ಮೊದಲು ನೀನು ಓದು.

ಯಾವ ಜೀವನಕಥೆ ಹಿಡಿದರೂ ಹುಡುಗಿಯರ ಕೈಲಿ ಕೆಲವು ಪ್ರಶ್ನೆ ಕೇಳಿಸು. ದುಡ್ಡು ಎಲ್ಲಿಂದ ಬಂತು? ಮನೆಯಲ್ಲಿ ಯಾರು ಬೇಡ ಅಂದರು, ಯಾರು ಜೊತೆ ನಿಂತರು? ಹೆಸರು ಬಂದ ಮೇಲೆ ಬದುಕು ಹೇಗಿತ್ತು? ಬರೆದವರು ಯಾರು, ಏನನ್ನು ಬಿಟ್ಟರು? ಭಾಷಣ ಸ್ಪರ್ಧೆಗೆ ಉರು ಹೊಡೆಸುವುದಕ್ಕಿಂತ ಇದು ವಾಸಿ. ಆ ಸ್ಪರ್ಧೆಗಳ ಮೇಲೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ.

ಮುಂದಿನ ದಸರಾ ರಜೆಗೆ ಪ್ರಾಜೆಕ್ಟ್ ಅಂತ ಚಾರ್ಟ್ ಅಂಟಿಸುವ ಕೆಲಸ ಕೊಡಬೇಡ. ಒಬ್ಬೊಬ್ಬಳಿಗೂ ಒಂದು ನೋಟ್‌ಬುಕ್ ಕೊಡು. ಕುಣಿಗಲ್ ಕಡೆ ಅಜ್ಜಿಮನೆ ಇರುವವಳು ಸೋಬಾನೆ ಹಾಡುವ ಮುದುಕಿಯ ಹತ್ತಿರ ಕೂರಲಿ, ತುಮಕೂರಿನವಳು ಮಾರ್ಕೆಟ್ಟಿನಲ್ಲಿ ಹೂವು ಕಟ್ಟುವ ಅಮ್ಮನ ಹತ್ತಿರ. ಅದೇ ಪ್ರಶ್ನೆಗಳನ್ನು ಕೇಳಲಿ, ಅವರು ಆಡಿದ ಮಾತಿನಲ್ಲೇ ಬರೆದುಕೊಳ್ಳಲಿ, ತಿದ್ದುವುದು ಬೇಡ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಬೇಡವೆಂದ ಮಾತು ತೆಗೆದುಬಿಡಲಿ. ಆಮೇಲೆ ಆ ನೋಟ್‌ಬುಕ್‌ಗಳಿಗೂ ನಂಬರ್ ಹಾಕಿಸಿ, ಹೆಲೆನ್ ಕೆಲರ್ ಇರುವ ಬೀರುವಿನಲ್ಲೇ ಇಡಿಸು.